ಹಾಡಿನ ಕಾಜ

ಅಂಗಿಗೆ ಗುಂಡಿ ಹೊಲಿಯುವುದು ಯಾರಿಗಾದರೂ ಬರುತ್ತದೆ. ಆ ಗುಂಡಿ ತೂರುವ ಸೀಳಿಗೆ ಅಂಚು ಕಟ್ಟುವುದು ಎಲ್ಲರಿಗೂ ಬರುವುದಿಲ್ಲ. ಆ ಸೀಳಿಗೇ ಕಾಜ ಅನ್ನುತ್ತಾರೆ. ಒಂದು ಎಳೆ ಹೆಚ್ಚು ಕತ್ತರಿಸಿದರೆ ಗುಂಡಿ ನಿಲ್ಲದು, ಒಂದು ಎಳೆ ಕಡಿಮೆಯಾದರೆ ತೂರದು. ಪೇಟೆ ಬೀದಿಯ ಟೈಲರ್ ಅಂಗಡಿಯಲ್ಲಿ, ಕಿಟಕಿ ಪಕ್ಕದ ಮೋಟು ಸ್ಟೂಲಿನ ಮೇಲೆ ಕೂತು, ತಲೆ ಬಗ್ಗಿಸಿ ಅದೊಂದನ್ನೇ ಮಾಡಿಕೊಂಡು ಬಂದವಳನ್ನು ಬೀದಿಯೆಲ್ಲ ಕಾಜಕ್ಕ ಅಂತಲೇ ಕರೆಯುತ್ತಿತ್ತು. ಅಪ್ಪ ಅಮ್ಮ ಇಟ್ಟ ಹೆಸರೇನು ಎಂದು ಯಾರಾದರೂ ಕೇಳಿದರೆ ಅವಳೇ ಒಂದು ಗಳಿಗೆ ಯೋಚಿಸಬೇಕಾಗುತ್ತಿತ್ತು.

ಕಾಜಕ್ಕ ಹುಟ್ಟಾ ಹೆದರುಪುಕ್ಕಲಿ. ರಸ್ತೆ ದಾಟುವಾಗ ಗೊತ್ತಿಲ್ಲದವರ ಸೆರಗನ್ನೋ ತೋಳನ್ನೋ ಹಿಡಿದುಕೊಳ್ಳುತ್ತಿದ್ದಳು. ಕರೆಂಟಿನ ಸ್ವಿಚ್ಚನ್ನು ಮರದ ಸ್ಕೇಲಿನಿಂದ ಒತ್ತುತ್ತಿದ್ದಳು. ನಾಯಿ ಬಾಲ ಅಲ್ಲಾಡಿಸಿದರೂ ಅದರ ಹಿಂದೆ ಏನೋ ಸಂಚಿದೆ ಅನ್ನುವಳು. ಆದರೆ ಹಾಡಿನ ವಿಷಯ ಬಂತೆಂದರೆ ಬೇರೆಯೇ ಹೆಂಗಸು. ಅಂಗಡಿಯ ಗೂಡಿನಲ್ಲಿ ಒಂದು ರೇಡಿಯೋ ಇತ್ತು. ಹೊಸ ಹಾಡು ಬಂದರೆ ಸೂಜಿ ನಿಲ್ಲುತ್ತಿತ್ತು. ಹಾಡು ಹಿಡಿಸಿದರೆ ಆವತ್ತು ಅಂಗಡಿಗೆ ಬಂದವರು ಯಾರೂ ಅದನ್ನು ಕೇಳಿಸಿಕೊಳ್ಳದೆ ಹೋಗುವ ಹಾಗಿರಲಿಲ್ಲ.

ಒಮ್ಮೆ ಪೊಲೀಸಿನವನೊಬ್ಬ ಕಿತ್ತುಹೋದ ಗುಂಡಿ ಹಾಕಿಸಿಕೊಳ್ಳಲು ಬಂದು ನಿಂತ. ಅವನ ಬೂಟಿನ ಸದ್ದಿಗೇ ಕಾಜಕ್ಕ ಸ್ಟೂಲನ್ನು ಗೋಡೆಗೆ ಸರಿಸಿಕೊಂಡಳು. ಆದರೂ ತಡೆಯಲಾಗಲಿಲ್ಲ.

"ಸ್ವಾಮಿ, ಒಂದು ಮಾತು ಹೇಳಬೇಕಿತ್ತು."

"ಏನಮ್ಮ, ಕಂಪ್ಲೇಂಟಾ?"

"ಅಲ್ಲ ಸ್ವಾಮಿ. ಒಂದು ಹೊಸ ಹಾಡು ಬಂದಿದೆ. ಬೆಳಿಗ್ಗೆ ರೇಡಿಯೋದಲ್ಲಿ ಹಾಕ್ತಾರೆ. ನೀವು ಕೇಳಲೇಬೇಕು."

ಪೊಲೀಸಿನವನು ಟೈಲರ್ ಮಾಸ್ಟರ ಮುಖ ನೋಡಿದ. ಮಾಸ್ಟರು ಹಲ್ಲಿನಲ್ಲಿ ಕಚ್ಚಿದ್ದ ದಾರ ತೆಗೆದು, "ಕೇಳಿಬಿಡಿ ಸಾರ್, ಇಲ್ಲದಿದ್ರೆ ಗುಂಡಿ ಹಾಕಲ್ಲ ಅವಳು," ಅಂದರು. ಮುಂದಿನ ವಾರ ಅದೇ ಪೊಲೀಸಿನವನು ಬಾಗಿಲಲ್ಲಿ ಬೈಕು ನಿಲ್ಲಿಸಿ, ಕೆಳಗಿಳಿಯದೆಯೇ, "ಕೇಳಿದೆ ಕಣಮ್ಮ, ಚೆನ್ನಾಗಿದೆ," ಎಂದು ಹೇಳಿ ಹೋದ. ಆವತ್ತು ಕಾಜಕ್ಕ ಹೊಲಿದ ಕಾಜಗಳನ್ನು ನೋಡಬೇಕಿತ್ತು, ಒಂದೊಂದೂ ಕಣ್ಣು ಬಿಟ್ಟ ಹಾಗಿದ್ದವು.

ಈ ಹುಚ್ಚು ಅವಳ ಒಬ್ಬಳೇ ಮಗಳಿಗೂ ಹತ್ತಿತ್ತು. ಗಂಡ ತೀರಿಕೊಂಡಾಗ ಮಗು ಇನ್ನೂ ಮೊಣಕಾಲೆತ್ತರ. ಬಿಟ್ಟುಬರಲು ಮನೆಯಲ್ಲಿ ಯಾರೂ ಇರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಅವಳನ್ನು ಕೂರಿಸಿ, ಉದುರಿದ ದಾರದ ತುಂಡು ಆರಿಸಲು ಬಿಟ್ಟು, ಕಾಜಕ್ಕ ಕೆಲಸ ಮಾಡುತ್ತಿದ್ದಳು. ಯಾವಾಗಲೂ ಏನಾದರೂ ಚಿಲಿಪಿಲಿ ಅನ್ನುತ್ತಿದ್ದುದರಿಂದ ಮಗುವಿಗೆ ಗುಬ್ಬಿ ಅಂತ ಹೆಸರಾಯಿತು. ಒಂದು ದಿನ ಮೇಜಿನ ಕೆಳಗಿಂದ ಗುಬ್ಬಿ ಕೇಳಿತು, "ಅಮ್ಮಾ, ಈ ಹಾಡು ಬಂದಾಗ ಯಾಕೆ ಸೂಜಿ ನಿಲ್ಲಿಸ್ತೀಯ?"

ಕಾಜಕ್ಕ ಹಾಡು ಆ ಜಾಗಕ್ಕೆ ಬರುವ ತನಕ ಕಾದು, "ಇಗೋ, ಇಲ್ಲಿ. ಮೇಲೆ ಹೋಗಿದ್ದ ದನಿ ಇಳಿಯೋ ಮುಂಚೆ ಒಂದು ಸಣ್ಣ ಉಸಿರು ತಗೊಳ್ತಲ್ಲ, ಅದಕ್ಕೆ," ಅಂದಳು.

"ಹಾಗಾದ್ರೆ ಅದು ಕಾಜ," ಅಂದಿತು ಮಗು. "ನೀನು ಗುಂಡಿ. ಅಲ್ಲಿ ಸಿಕ್ಕಿಹಾಕಿಕೊಂಡೆ."

ಅವತ್ತಿನಿಂದ ಅವರಿಬ್ಬರಲ್ಲಿ ಒಂದು ಕಟ್ಟುಪಾಡು ಬೆಳೆಯಿತು. ಹಾಡು ಹೇಳಿದರೆ ಸಾಲದು, ಕಾಜ ಹೇಳಬೇಕು. ಎಲ್ಲಿ ಹಿಡಿಯಿತು ಅಂತ ತೋರಿಸಬೇಕು. ತೋರಿಸಲಾಗದಿದ್ದರೆ ಆ ಹಾಡು ನಿಜವಾಗಿ ಹಿಡಿಸಿಲ್ಲ, ಸುಮ್ಮನೆ ಬಾಯಿಮಾತು ಅಂತ ಲೆಕ್ಕ. ಈ ವಿಷಯಕ್ಕೆ ತಾಯಿ ಮಗಳು ಮಾತು ಬಿಟ್ಟದ್ದೂ ಉಂಟು. ಮಾಸ್ಟರ ಅಚ್ಚುಮೆಚ್ಚಿನ ಹಾಡೊಂದಿತ್ತು. ಪಿಟೀಲಿನ ಜೊತೆ ಒಂದು ಹೆಣ್ಣುದನಿ ಎಳೆದೆಳೆದು ಹಾಡುವಂಥದ್ದು. ಅದಕ್ಕೆ ಗುಬ್ಬಿ 'ನೆಗಡಿ ಹಾಡು' ಎಂದು ಹೆಸರಿಟ್ಟಿದ್ದಳು. ಮಾಸ್ಟರು ಅದನ್ನು ಹಾಕಿದರೆ ಕಿವಿ ಮುಚ್ಚಿಕೊಂಡು ಬೀದಿಗೆ ಓಡುತ್ತಿದ್ದಳು.

ಗುಬ್ಬಿ ಬೆಳೆದಳು, ಮದುವೆಯಾಗಿ ಬೇರೆ ಊರಿಗೆ ಹೋದಳು. ಅಳಿಯ ವೈರಿಂಗ್ ಕೆಲಸದವನು, ಸಾಧು. ಬೀಗಿತ್ತಿಯ ಬಾಯಿ ಸ್ವಲ್ಪ ಜೋರು, ಆದರೆ ಮನೆಯಲ್ಲಿ ಊಟ ನಿದ್ದೆಗೆ ಕೊರತೆಯಿರಲಿಲ್ಲ. ಗುಬ್ಬಿ ಅಲ್ಲೇ ಒಂದು ಶಿಶುವಿಹಾರದಲ್ಲಿ ಪುಟ್ಟ ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸೇರಿದಳು. ಅಮ್ಮನಿಗೊಂದು ಫೋನು ಕೊಡಿಸಿ, ಎಲ್ಲಿ ಒತ್ತಿದರೆ ಹಾಡು ಬರುತ್ತದೆ, ಎಲ್ಲಿ ಒತ್ತಿ ಹಿಡಿದರೆ ನಮ್ಮ ಮಾತು ಹೋಗುತ್ತದೆ ಎಂದು ಕಲಿಸಿಕೊಟ್ಟಿದ್ದಳು. ಕಾಜಕ್ಕ ಓದಿದ್ದು ಅಷ್ಟಕ್ಕಷ್ಟೆ. ಅಕ್ಷರ ಕೂಡಿಸಿಕೊಂಡು ಓದುವಳು. ಆದ್ದರಿಂದ ಇಬ್ಬರ ವ್ಯವಹಾರವೆಲ್ಲ ಮಾತಿನಲ್ಲೇ. ದಿನಾ ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವ ಹೊತ್ತಿಗೆ ಒಂದು ಹಾಡು ಬರುತ್ತಿತ್ತು, ಅದರ ಹಿಂದೆಯೇ ಗುಬ್ಬಿಯ ದನಿ.

"ಅಮ್ಮಾ, ಇದು ನಿನ್ನೆ ತಾನೇ ಬಂದದ್ದು. ಶುರುವಾದ ಕೂಡಲೇ ನಿನಗೆ ಸಿಟ್ಟು ಬರುತ್ತೆ, ಆರಿಸಬೇಡ. ಎರಡನೇ ಚರಣ ಮುಗೀಲಿ. ಎಲ್ಲಾ ವಾದ್ಯಾನೂ ಬಾಯಿ ಮುಚ್ಕೊಳ್ಳುತ್ತೆ. ಆಗ ಕೊಳಲೊಂದೇ, ಬಾಗಿಲ ಸಂದಿಯಲ್ಲಿ ಬೆಕ್ಕು ನುಸುಳಿದ ಹಾಗೆ ಬರುತ್ತೆ ನೋಡು. ಅದೇ ಕಾಜ. ಕೇಳಿ ಹೇಳು."

ಕೇಳಿ, ಹೇಳಿ, ಆಮೇಲೆ ಬೀದಿಗೆಲ್ಲ ಹಂಚಿ, ಕಾಜಕ್ಕನ ದಿನ ಹೀಗೆ ಶುರುವಾಗುತ್ತಿತ್ತು.

ಒಂದು ಬೆಳಿಗ್ಗೆ ಹಾಡು ಬಂತು, ದನಿ ಬರಲಿಲ್ಲ.

ಕೆಳಗೆ ಏನೋ ಬರೆದಿತ್ತು. ಕನ್ನಡಕ ಒರೆಸಿಕೊಂಡು ಕೂಡಿಸಿ ಓದಿದಳು. 'ಅಮ್ಮ ಚೆನ್ನಾಗಿದೆ ಕೇಳು.' ಅಷ್ಟೇ. ಹಾಡು ಒತ್ತಿದರೆ ಡಮಡಮ ಅಂತ ಡೋಲು, ಅದರ ನಡುವೆ ಗಂಡಸೊಬ್ಬ ಗೋಣಿಚೀಲದೊಳಗೆ ಕೂತು ಮಾತಾಡಿದ ಹಾಗೆ. ಕಾಜಕ್ಕ ಅದನ್ನು ಪೂರ್ತಿ ಕೇಳಿದಳು. ಸೂಜಿ ನಿಲ್ಲಲಿಲ್ಲ. ಇರಲಿ, ಮಗಳಿಗೆ ಕೆಲಸದ ಅವಸರ ಇರಬೇಕು ಅಂದುಕೊಂಡಳು.

ಮಾರನೆಯ ದಿನವೂ ಅದೇ ಬಗೆಯದು. ಮತ್ತೆ ಬರವಣಿಗೆ. ಕಾಜಕ್ಕ ಫೋನು ಬಾಯಿಗೆ ಹಿಡಿದು, "ಏನೇ ಗುಬ್ಬಿ, ಕಾಜ ಎಲ್ಲಿ?" ಎಂದು ಕೇಳಿ ಕಳಿಸಿದಳು. ಬಹಳ ಹೊತ್ತಿನ ಮೇಲೆ ಉತ್ತರ ಬಂತು. 'ಕೊನೆಯಲ್ಲಿ.' ಕೊನೆಯನ್ನು ಮತ್ತೆ ಮತ್ತೆ ಕೇಳಿದಳು. ಹಾಡುವವರು ಸುಮ್ಮನಾಗುತ್ತಾರೆ, ಡೋಲೊಂದು ಸ್ವಲ್ಪ ಹೊತ್ತು ಬಡಿದುಕೊಂಡು ನಿಲ್ಲುತ್ತದೆ. ಅಲ್ಲಿ ಹಿಡಿಯುವಂಥದ್ದು ಏನೂ ಇರಲಿಲ್ಲ. ಅದರ ಮರುದಿನದ ಹಾಡಿಗೂ ಕೇಳಿದಳು. ಉತ್ತರ, 'ಎಲ್ಲಾ ಕಡೆ.'

ಕಾಜಕ್ಕ ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಕೂತುಬಿಟ್ಟಳು.

"ಮಾಸ್ಟ್ರೇ, ಇದು ನನ್ನ ಮಗಳಲ್ಲ."

ಮಾಸ್ಟರು ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದರು. "ಏನು?"

"ಈ ಹಾಡು ಕಳಿಸ್ತಾ ಇರೋದು ಬೇರೆ ಯಾರೋ. ಅಂಗಿ ತುಂಬ ಕಾಜ ಇದ್ರೆ ಅದನ್ನ ಯಾರಾದ್ರೂ ಅಂಗಿ ಅಂತಾರಾ? ಜರಡಿ ಅಂತಾರೆ. ಎಲ್ಲಾ ಕಡೆ ಅಂತ ನನ್ನ ಮಗಳು ಬರೀತಾಳಾ?"

"ಮದುವೆ ಆದ ಮೇಲೆ ರುಚಿ ಬದಲಾಗುತ್ತೆ ಕಾಜಕ್ಕ. ನನ್ನ ಹೆಂಡತೀನೂ ಮೊದಮೊದಲು ನನ್ನ ಇಷ್ಟ ಪಡ್ತಿದ್ದಳು."

ಬೇರೆ ದಿನವಾಗಿದ್ದರೆ ಕಾಜಕ್ಕ ನಗುತ್ತಿದ್ದಳು. ಎದ್ದು ಹಿಂಬದಿಯ ಮೆಟ್ಟಿಲಿಗೆ ಹೋಗಿ ಮಗಳಿಗೆ ಫೋನು ಮಾಡಿದಳು. ಗಂಟೆ ಬಾರಿಸಿ ಬಾರಿಸಿ, ಕೊನೆಗೆ ಅಳಿಯ ಎತ್ತಿದ.

"ಅವಳಿಗೆ ಗಂಟಲು ಕಟ್ಟಿದೆ ಅತ್ತೆ. ಮಾತಾಡಬಾರದು ಅಂದಿದ್ದಾರೆ ಡಾಕ್ಟರು."

"ಅವಳು ಮಾತಾಡೋದು ಬೇಡ ಬಿಡಿ. ಫೋನು ಅವಳ ಕಿವಿಗೆ ಇಡಿ, ನಾನು ಎರಡು ಮಾತು ಆಡ್ತೀನಿ. ಸುಮ್ನೆ ಕೇಳಿಸಿಕೊಳ್ಳಲಿ."

ಅತ್ತ ಕಡೆ ಫೋನು ಕೈ ಬದಲಾಯಿಸಿದ ಸದ್ದು. ಆಮೇಲೆ, "ಮಲಗಿದಾಳೆ ಅತ್ತೆ. ಎಬ್ಬಿಸೋದು ಬೇಡ."

ಆ ಮಾತಿನ ಹಿಂದೆ ಕಾಜಕ್ಕನಿಗೆ ಇನ್ನೊಂದು ಸದ್ದು ಕೇಳಿಸಿತು. ಚಪ್ಪಲಿ ನಡೆಯುವ ಸದ್ದು. ಬಲಗಾಲು ಟಕ್, ಎಡಗಾಲು ಸರ್. ಎಡ ಚಪ್ಪಲಿಯನ್ನು ಎಳೆದುಕೊಂಡು ನಡೆಯುವುದು ಗುಬ್ಬಿಗೆ ಚಿಕ್ಕಂದಿನ ಅಭ್ಯಾಸ, ಎಷ್ಟು ಬೈದರೂ ಬಿಟ್ಟಿರಲಿಲ್ಲ. ಮಲಗಿದವಳ ಚಪ್ಪಲಿ ನಡೆಯುತ್ತದೆಯೇ? ಕಾಜಕ್ಕ ಏನೋ ಹೇಳಲು ಬಾಯಿ ತೆರೆದಳು. ಫೋನು ಕಟ್ಟಾಯಿತು.

ಮಗಳು ಅಲ್ಲೇ ಇದ್ದಾಳೆ, ಎದ್ದು ಓಡಾಡುತ್ತಿದ್ದಾಳೆ. ಆದರೆ ಅವಳನ್ನು ಫೋನಿನ ಹತ್ತಿರ ಬಿಡುತ್ತಿಲ್ಲ. ಅವಳ ಹೆಸರಿನಲ್ಲಿ ಹಾಡು ಕಳಿಸಿ ತಾಯಿಯ ಬಾಯಿ ಮುಚ್ಚಿಸುತ್ತಿದ್ದಾರೆ. ಯಾಕೆ? ಏನು ಮಾಡಿದ್ದಾರೆ ನನ್ನ ಮಗುವಿಗೆ? ಸಾಧು ಅಂದುಕೊಂಡ ಅಳಿಯನ ಮುಖ ನೆನಪು ಮಾಡಿಕೊಂಡರೆ ಅದು ಈಗ ಬೇರೆ ಯಾರದೋ ಮುಖದ ಹಾಗೆ ಕಾಣತೊಡಗಿತು.

ಆದರೂ ಅನುಮಾನದ ಮೇಲೆ ಯಾರ ಮನೆಯನ್ನಾದರೂ ಕೆಡಿಸಬಾರದು ಅನ್ನುವುದು ಅವಳ ಬುದ್ಧಿ. ಗಟ್ಟಿ ಮಾಡಿಕೊಳ್ಳಬೇಕು. ಒಳಗೆ ಬಂದು, "ಮಾಸ್ಟ್ರೇ, ನಿಮ್ಮ ಹಾಡು ಹಾಕಿ," ಅಂದಳು.

"ಯಾವುದು?"

"ನೆಗಡಿ ಹಾಡು."

ಮಾಸ್ಟರಿಗೆ ಸಂತೋಷವೇ ಆಯಿತು. ಅವರ ಫೋನಿನ ಪಕ್ಕ ತನ್ನ ಫೋನು ಹಿಡಿದು, ಕಾಜಕ್ಕ ಆ ಹಾಡನ್ನು ಒಂದಷ್ಟು ತುಂಬಿಸಿಕೊಂಡಳು. ಅದನ್ನು ಮಗಳ ನಂಬರಿಗೆ ಕಳಿಸಿ, ಹಿಂದೆಯೇ ಹೇಳಿದಳು, "ಗುಬ್ಬಿ, ಇವತ್ತು ಒಂದು ಹೊಸ ಹಾಡು ಸಿಕ್ಕಿತು. ಹೇಗಿದೆ ಹೇಳು."

ಸೂಜಿಗೆ ದಾರ ಪೋಣಿಸತೊಡಗಿದಳು. ಫೋನು ಟಿಣ್ ಅಂದಿತು. ಕೂಡಿಸಿ ಓದಿದಳು.

'ತುಂಬಾ ಚೆನ್ನಾಗಿದೆ ಅಮ್ಮ.'

ಮಾಸ್ಟರಿಗೂ ತೋರಿಸಿದಳು. ಅವರು ಓದಿದರು. ನಗಲಿಲ್ಲ. "ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿಬಿಡು. ನಾನೂ ಬರಲಾ?" ಅಂದರು.

"ನೀವು ಬಂದ್ರೆ ಅಂಗಡಿ ಯಾರು ನೋಡ್ತಾರೆ?" ಅಂದಳೇ ಹೊರತು, ತನ್ನ ದನಿ ತನಗೇ ದೂರದಿಂದ ಕೇಳುತ್ತಿತ್ತು.

ಕಾಜಕ್ಕ ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಕೈಚೀಲದಲ್ಲಿ ಒಂದು ಸೀರೆ, ನೀರಿನ ಬಾಟಲಿ, ಮತ್ತೆ ಕಾಜ ಸೀಳುವ ಸಣ್ಣ ಕತ್ತರಿ. ಕತ್ತರಿ ಯಾಕೆ ಇಟ್ಟುಕೊಂಡಳು ಎಂದು ಕೇಳಿದರೆ ಅವಳಿಗೇ ಗೊತ್ತಿರಲಿಲ್ಲ. ಬೆರಳಿನುದ್ದದ ಕತ್ತರಿ, ಅದರಲ್ಲಿ ಯಾರನ್ನು ಹೆದರಿಸಲಾದೀತು? ಆದರೂ ದಾರಿಯುದ್ದಕ್ಕೂ ಚೀಲದೊಳಗೆ ಕೈಯಿಟ್ಟು ಅದನ್ನು ಹಿಡಿದುಕೊಂಡೇ ಇದ್ದಳು. ಬಸ್ಸಿನಲ್ಲಿ ಹಾಡು ಹಾಕಿದ್ದರು. ಹೊಸ ಹಾಡು. ಕಂಡಕ್ಟರು ಟಿಕೆಟ್ಟಿಗೆ ಬಂದಾಗ, "ಹಾಡು ನಿಲ್ಲಿಸೋಕೆ ಹೇಳಪ್ಪ," ಅಂದಳು. ಅವನು ಅವಳ ಮುಖ ನೋಡಿ, ಮರುಮಾತಾಡದೆ ಹೋಗಿ ನಿಲ್ಲಿಸಿದ.

ಹಾಡು ನಿಂತದ್ದೇ ತಪ್ಪಾಯಿತು. ಸದ್ದಿಲ್ಲದ ಜಾಗಕ್ಕೆ ಯೋಚನೆಗಳು ನುಗ್ಗಿದವು. ಸ್ಟೌ ಹತ್ತಿಕೊಂಡಿತೋ, ಮಹಡಿ ಮೆಟ್ಟಿಲಿಂದ ಬಿದ್ದಳೋ, ಬಿದ್ದಳೋ ಯಾರಾದರೂ ತಳ್ಳಿದರೋ. ಆ ಚಪ್ಪಲಿ ಸದ್ದು ನಿಜವಾಗಿ ಕೇಳಿದ್ದೋ, ಅಥವಾ ಕೇಳಲೇಬೇಕು ಅಂತ ಮನಸ್ಸು ಹುಟ್ಟಿಸಿಕೊಂಡದ್ದೋ? ಮಗಳ ಫೋನು ಇದೆ, ಮಗಳು ಇಲ್ಲ. ಈ ಮಾತು ಬಂದಾಗಲೆಲ್ಲ ಅದನ್ನು ಪೂರ್ತಿಯಾಗಲು ಬಿಡದೆ, ಕಿಟಕಿಯಾಚೆ ಓಡುವ ಅಂಗಡಿ ಬೋರ್ಡುಗಳ ಅಕ್ಷರ ಕೂಡಿಸಲು ಶುರುಮಾಡುತ್ತಿದ್ದಳು. ಬಸ್ಸು ಓದಿ ಮುಗಿಸಲು ಬಿಡುತ್ತಿರಲಿಲ್ಲ.

ಮಗಳ ಮನೆಯ ಬಾಗಿಲು ತೆರೆದೇ ಇತ್ತು. ಬೀಗಿತ್ತಿ ನೆಲ ಒರೆಸುತ್ತಿದ್ದವಳು ತಲೆಯೆತ್ತಿದಳು. ಮುಖದ ರಕ್ತ ಇಳಿದದ್ದು ಕಾಜಕ್ಕನಿಗೆ ಕಾಣಿಸಿತು.

"ನೀವಾ? ಹೇಳದೆ ಕೇಳದೆ..."

"ನನ್ನ ಮಗಳೆಲ್ಲಿ?"

ಬೀಗಿತ್ತಿಯ ಬಾಯಿ ಜೋರು ಅಂತ ಊರಿಗೇ ಗೊತ್ತು. ಆ ಬಾಯಿಂದ ಒಂದು ಮಾತು ಹೊರಡಲಿಲ್ಲ. ಕಣ್ಣು ಮಾತ್ರ ಹಿತ್ತಿಲ ಬಾಗಿಲ ಕಡೆ ಹೋಯಿತು.

ಕಾಜಕ್ಕ ಒದ್ದೆ ನೆಲದ ಮೇಲೆಯೇ ನಡೆದು ಹಿತ್ತಿಲ ಜಗಲಿಗೆ ಬಂದಳು. ಗುಬ್ಬಿ ಇದ್ದಳು. ಬೆನ್ನು ಹಾಕಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಅದೇ ಜಡೆ, ಅದೇ ಕತ್ತು, ಕೈಕಾಲೆಲ್ಲ ನೆಟ್ಟಗಿದ್ದವು. ಕಾಜಕ್ಕನಿಗೆ ಉಸಿರು ಬಂತು.

"ಗುಬ್ಬೀ."

ಗುಬ್ಬಿ ತಿರುಗಲಿಲ್ಲ.

"ಗುಬ್ಬಿ, ನಾನು. ಅಮ್ಮ."

ಬೆರಳು ಬಟಾಣಿ ಬಿಡಿಸುತ್ತಲೇ ಇತ್ತು. ಸಿಟ್ಟೇ? ನನ್ನ ಮುಖ ನೋಡಬಾರದು ಅನ್ನುವಷ್ಟು ಏನಾಯಿತು? ಇಲ್ಲಾ ಬುದ್ಧಿಗೇ ಏನಾದರೂ ಆಗಿದೆಯೇ? ಕಾಜಕ್ಕನ ಕೈಯಿಂದ ಚೀಲ ಜಾರಿ ಬಿತ್ತು. ಕತ್ತರಿ ಹೊರಗೆ ಹಾರಿ ಜಗಲಿಯ ಕಲ್ಲಿನ ಮೇಲೆ ಕಣಕಣ ಎಂದು ಕುಣಿದು ನಿಂತಿತು. ಪಕ್ಕದ ಮನೆಯ ಗೋಡೆಯ ಮೇಲಿದ್ದ ಕಾಗೆ ಬೆಚ್ಚಿ ಎದ್ದಿತು.

ಗುಬ್ಬಿಯ ಬೆರಳು ನಿಲ್ಲಲಿಲ್ಲ.

ಆಗ ಕಾಜಕ್ಕನಿಗೆ ತಿಳಿಯಿತು. ಬಸ್ಸಿನಲ್ಲಿ ಅಷ್ಟು ಹೊತ್ತು ಕೂತು ಹೆದರಿದ ಹೆದರಿಕೆಗಳಲ್ಲಿ ಇದು ಒಂದಾಗಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅವಳ ನೆರಳು ಬಟಾಣಿ ಬುಟ್ಟಿಯ ಮೇಲೆ ಬಿದ್ದಾಗ ಗುಬ್ಬಿ ತಿರುಗಿ ನೋಡಿದಳು.

"ಅಮ್ಮಾ, ನೀನು ಯಾಕೆ ಬಂದೆ?"

ಬೇಕಾದ್ದಕ್ಕಿಂತ ಜೋರಾದ, ಏರಿಳಿತವಿಲ್ಲದ ದನಿ. ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ ಚಪ್ಪಟೆ. ಇದನ್ನು ಕೇಳಿಸಬಾರದೆಂದೇ ಅವಳು ಬರೆದು ಕಳಿಸುತ್ತಿದ್ದದ್ದು.

ಬೀಗಿತ್ತಿ ಒಂದು ಹಾಳೆ, ಪೆನ್ಸಿಲ್ಲು ತಂದು ಇಬ್ಬರ ನಡುವೆ ಇಟ್ಟಳು. ಈಗ ಅವಳಿಗೂ ಬಾಯಿ ಬಂತು. "ಜ್ವರ ಬಂತು ನೋಡಿ, ಮೈ ಕೆಂಡ. ಜ್ವರ ಇಳೀತು, ಕಿವಿ ಹೋಯ್ತು. ನಿಮಗೆ ಹೇಳೋಣ ಅಂತ ನಾವಿಬ್ಬರೂ ಬಡ್ಕೊಂಡ್ವಿ. 'ನಮ್ಮಮ್ಮ ಸ್ವಿಚ್ಚನ್ನೇ ಸ್ಕೇಲಲ್ಲಿ ಒತ್ತೋಳು, ಇದನ್ನ ಕೇಳಿದ್ರೆ ಸತ್ತೇಹೋಗ್ತಾಳೆ' ಅಂತ ಇವಳದೇ ಹಟ."

ಗುಬ್ಬಿ ಅತ್ತೆಯ ತುಟಿ ನೋಡುತ್ತಿದ್ದಳು. "ಎಲ್ಲಾ ಹೋಗಿಲ್ಲ ಅಮ್ಮ," ಅಂದಳು. "ದಪ್ಪ ಸದ್ದು ಸಿಗುತ್ತೆ. ಲಾರಿ, ಬಾಗಿಲು ಬಡಿಯೋದು. ನಿನ್ನ ಅಳಿಯನ ದನಿ ಸ್ವಲ್ಪ ಸಿಗುತ್ತೆ. ನಿನ್ನದು ಸಣ್ಣ ದನಿ. ಒಂದು ಸಲ ನಿನ್ನ ಮಾತು ಹಾಕಿ ನೋಡಿದೆ. ಏನೂ ಇರಲಿಲ್ಲ." ಸ್ವಲ್ಪ ಹೊತ್ತು ಬಟಾಣಿ ಸಿಪ್ಪೆ ಮುರಿದಳು. "ಶಿಶುವಿಹಾರಕ್ಕೆ ಹೋಗ್ತಾ ಇಲ್ಲ. ಮಕ್ಕಳು ಅತ್ತರೆ ಗೊತ್ತಾಗಲ್ಲ."

ಕಾಜಕ್ಕ ಪೆನ್ಸಿಲ್ ಹಿಡಿದಳು. ಒಂದೊಂದು ಅಕ್ಷರಕ್ಕೂ ಒಂದೊಂದು ಕಾಜದಷ್ಟು ಹೊತ್ತು ಹಿಡಿಯಿತು. ಮಗಳು ಕಾದಳು. 'ಹಾಡು ಯಾರು ಆರಿಸತಾ ಇದದು?'

ಗುಬ್ಬಿ ಓದಿ, ಅಮ್ಮನ ಮುಖ ನೋಡಿದಳು. "ನಾನೇ. ಮತ್ತೆ ಯಾರು? ನೀನು ಕೇಳಿದ್ದನ್ನ ಇವರು ಬರೆದು ತೋರಿಸ್ತಿದ್ರು, ಉತ್ತರ ನಾನೇ ಬರೀತಿದ್ದೆ. ಡೋಲು ಇರೋ ಹಾಡು ಮಾತ್ರ ನನಗೆ ಸಿಗೋದು. ಪೂರ್ತಿ ಡೋಲೇ ಇದ್ದದ್ದಕ್ಕೆ ಎಲ್ಲಾ ಕಡೆ ಅಂತ ಬರೆದೆ. ಕೊನೆಯಲ್ಲಿ ಅಂತ ಬರೆದಿದ್ದೆನಲ್ಲ, ಅಲ್ಲಿ ಹಾಡೋರೆಲ್ಲ ಸುಮ್ಮನಾಗಿ ಡೋಲೊಂದೇ ಉಳಿಯುತ್ತೆ. ಆ ಜಾಗದಲ್ಲಿ ನಿನಗೆ ಏನು ಕೇಳುತ್ತೋ ನನಗೂ ಅಷ್ಟೇ ಕೇಳುತ್ತೆ. ಪೂರ್ತಿ. ಅದಕ್ಕೆ ಅದು ಕಾಜ."

"ಆ ಡಮಡಮ ಕೇಳಿ ಕೇಳಿ ನನ್ನ ತಲೆ ಒಡೆದು ಹೋಯ್ತು," ಅಂದಳು ಬೀಗಿತ್ತಿ. "ಆದ್ರೂ ನಿಲ್ಲಿಸು ಅನ್ನೋಕೆ ಬಾಯಿ ಬರಲ್ಲ."

"ನೆನ್ನೆ ನೀನು ಕಳಿಸಿದ್ಯಲ್ಲ ಹೊಸ ಹಾಡು," ಅಂದಳು ಗುಬ್ಬಿ, "ಯಾವುದಮ್ಮ ಅದು?"

ಕಾಜಕ್ಕ ಪೆನ್ಸಿಲ್ ಕೆಳಗಿಟ್ಟಳು. ಅದನ್ನು ಬರೆಯಲಿಲ್ಲ. ಬೇರೆ ಯಾರೋ ಅಂದುಕೊಂಡು ಹೆದರಿದ್ದು ತನ್ನ ಮಗಳಿಗೇ. ಆ ಒಂದು 'ತುಂಬಾ ಚೆನ್ನಾಗಿದೆ' ಬಿಟ್ಟರೆ, ಅವಳು ಇರುವ ಜಾಗದಿಂದ ಸಿಕ್ಕದ್ದನ್ನು ಸಿಕ್ಕ ಹಾಗೆ, ಒಂದು ಸುಳ್ಳೂ ಸೇರಿಸದೆ ಹೇಳುತ್ತಿದ್ದಳು. ತನಗೇ ಕೇಳಿಸಿರಲಿಲ್ಲ.

ಮರುದಿನ ಆಸ್ಪತ್ರೆಗೆ ಅವಳೂ ಹೋದಳು. ಗಾಜಿನ ಕಿಟಕಿಯ ಪುಟ್ಟ ಕೋಣೆಯಲ್ಲಿ ಗುಬ್ಬಿಯನ್ನು ಕೂರಿಸಿ, ಕಿವಿಗೆ ಮುಚ್ಚಳದಂಥದ್ದು ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಬೇಕಂತೆ. ಹೊರಗೆ ಕೂತ ಹುಡುಗಿ ಒಂದು ತಿರುಗಣಿ ತಿರುಗಿಸುತ್ತಾ ಹೋದಳು. ಮೊದಮೊದಲು ಗುಬ್ಬಿಯ ಹೆಬ್ಬೆರಳು ಒತ್ತಿತು. ಆಮೇಲೆ ಹುಡುಗಿ ತಿರುಗಿಸುತ್ತಲೇ ಇದ್ದಳು, ಹೆಬ್ಬೆರಳು ಕಾಯುತ್ತಲೇ ಇತ್ತು. ಜೀವಮಾನವೆಲ್ಲ ಗುಂಡಿ ನೋಡಿದ ಕಾಜಕ್ಕ ಆ ಒಂದು ಗುಂಡಿಯನ್ನು ನೋಡಲಾಗದೆ ಗೋಡೆ ಕಡೆ ತಿರುಗಿ ನಿಂತಳು.

"ಔಷಧಿ ನಡೀತಾ ಇದೆ," ಅಂದರು ಡಾಕ್ಟರು. "ಕೆಲವರಿಗೆ ವಾಪಸ್ ಬರುತ್ತೆ, ಕೆಲವರಿಗೆ ಬರಲ್ಲ. ಸಣ್ಣ ಸದ್ದು ಕೇಳಿಸೋಕೆ ಶುರುವಾದ್ರೆ ಒಳ್ಳೇ ಲಕ್ಷಣ. ಕಾಯಬೇಕಮ್ಮ."

ಕಾಯುವುದು ಕಾಜಕ್ಕನಿಗೆ ಬರುತ್ತಿತ್ತು. ಆದರೆ ಕಾದಷ್ಟೂ ಹೆದರಿಕೆ ಬೆಳೆಯಿತು. ಅಂಗಡಿಗೆ ವಾಪಸಾದ ಮೇಲೆ ಸಣ್ಣ ಸದ್ದುಗಳೆಲ್ಲ ಅವಳನ್ನು ಕುಟುಕತೊಡಗಿದವು. ಬಳೆ, ಟೀ ಲೋಟದಲ್ಲಿ ಚಮಚ, ಸೈಕಲ್ ಬೆಲ್ಲು. ಇದು ಅವಳಿಗಿಲ್ಲ, ಇದೂ ಇಲ್ಲ, ಇನ್ನೆಂದೂ ಇಲ್ಲದೆ ಹೋದರೆ? ರೇಡಿಯೋದಲ್ಲಿ ಡೋಲಿನ ಹಾಡು ಬಂದರೆ ಮಾತ್ರ ಸೂಜಿ ನಿಲ್ಲಿಸುವಳು. ಕಲಿಯಬೇಕಿತ್ತು. ನಿಧಾನಕ್ಕೆ, ಡೋಲಿನಲ್ಲೂ ಒಂದು ಹಿಂಜರಿಕೆ, ಒಂದು ಮುನ್ನುಗ್ಗು ಇರುವುದು ಕೇಳಿಸತೊಡಗಿತು. ಅಂಥದ್ದನ್ನು ಹುಡುಕಿ, ಹಾಳೆಯ ಮೇಲೆ ಡೊಂಕು ಅಕ್ಷರದಲ್ಲಿ ಕಾಜ ಬರೆದು, ಮಾಸ್ಟರಿಂದ ಅದರ ಫೋಟೋ ತೆಗೆಸಿ, ದಿನಾ ಮಗಳಿಗೆ ಕಳಿಸುತ್ತಿದ್ದಳು. ಗಿರಾಕಿಗಳಿಗೂ ಅದನ್ನೇ ಹೇಳುತ್ತಿದ್ದಳು.

"ಏನಮ್ಮ, ನಿನ್ನ ರುಚಿ ಹೀಗಾಯ್ತು?" ಎಂದ ಪೊಲೀಸಿನವನು.

"ಕೊನೆ ತನಕ ಕೇಳಿ ಸ್ವಾಮಿ," ಅಂದಳು. "ಎಲ್ಲರೂ ಸುಮ್ಮನಾದ ಮೇಲೆ ಏನು ಉಳಿಯುತ್ತೆ ನೋಡಿ."

ಹೀಗೆ ಮಳೆಗಾಲ ಮುಗಿಯುತ್ತ ಬಂತು. ಒಂದು ಬೆಳಿಗ್ಗೆ ಅರ್ಧ ಮುಗಿದ ಕಾಜ ಕೈಯಲ್ಲಿದ್ದಾಗ ಫೋನು ಟಿಣ್ ಅಂದಿತು. ಹಾಡು. ಅದರ ಕೆಳಗೆ ಬರವಣಿಗೆ ಇರಲಿಲ್ಲ. ದನಿ ಇತ್ತು.

ಕಾಜಕ್ಕ ಅದನ್ನು ಒತ್ತಲಿಲ್ಲ. ಕಾಜ ಮುಗಿಸಿದಳು, ದಾರ ಹಲ್ಲಿನಿಂದ ಕಡಿದಳು. ಆಮೇಲೆ ಒತ್ತಿದಳು.

"ಅಮ್ಮಾ." ಅದೇ ಚಪ್ಪಟೆ ದನಿ, ಆದರೆ ಅಂಚಿನಲ್ಲಿ ನಡುಕ. "ಯಾರಿಗೂ ಹೇಳಿಲ್ಲ. ಇವರಿಗೂ ಹೇಳಿಲ್ಲ. ಈ ಹಾಡಿನಲ್ಲಿ ಮೊದಲನೇ ಸಾಲು ಮುಗಿದ ಮೇಲೆ, ಡೋಲಿನ ಹಿಂದೆ, ಏನೋ ಸಣ್ಣಗೆ ಇದೆ. ಇದೆಯಾ? ಇಲ್ಲಾ ನನ್ನ ತಲೆಯೊಳಗಿನ ಸದ್ದಾ? ಸುಮ್ನೆ ನನ್ನ ಖುಷಿಗೆ ಇದೆ ಅನ್ನಬೇಡ. ಕೇಳಿ ಹೇಳು."

"ಮಾಸ್ಟ್ರೇ, ಮಿಷನ್ ನಿಲ್ಲಿಸಿ."

ನಿಂತಿತು. ಅವಳು ಬಾಗಿಲು ಹಾಕಿದಳು, ಫ್ಯಾನು ಆರಿಸಿದಳು. ಸ್ವಿಚ್ಚನ್ನು ಬರಿ ಬೆರಳಿನಿಂದಲೇ ಒತ್ತಿದ್ದು ಅವಳ ಗಮನಕ್ಕೆ ಬರಲಿಲ್ಲ. ಫೋನು ಕಿವಿಗೆ ಒತ್ತಿ ಹಿಡಿದಳು. ಮೊದಲನೇ ಸಾಲು ಮುಗಿಯಿತು. ಡೋಲು. ಡೋಲು ಬಿಟ್ಟರೆ ಏನೂ ಇಲ್ಲ.

ಮತ್ತೆ ಹಾಕಿದಳು. ಇಲ್ಲ. ಇಲ್ಲ ಅಂತ ಹೇಗೆ ಹೇಳುವುದು? ಇದೆ ಅಂತ ಹೇಗೆ ಹೇಳುವುದು? ತನ್ನ ಕಿವಿಗೂ ವಯಸ್ಸಾಗಿದೆ ಅನ್ನುವುದು ಅವಳಿಗೆ ಮೊದಲ ಸಲ ಹೊಳೆಯಿತು. ಕಣ್ಣು ಮುಚ್ಚಿ, ಉಸಿರು ಹಿಡಿದು, ಇನ್ನೊಂದು ಸಲ. ಡೋಲಿನ ಪೆಟ್ಟು ಬಿತ್ತು, ಪೆಟ್ಟಿಗೂ ಪೆಟ್ಟಿಗೂ ನಡುವಿನ ಸಂದಿ ಬಂತು, ಆ ಸಂದಿಯಲ್ಲಿ ಸೂಜಿಯ ಮೊನೆಯಷ್ಟು ಏನೋ ಮಿನುಗಿ ಹೋದ ಹಾಗಾಯಿತು. ನಿಜವೋ, ಆಸೆಯೋ?

ತನ್ನನ್ನು ತಾನು ನಂಬದೆ ಫೋನನ್ನು ಮಾಸ್ಟರ ಕಿವಿಗೆ ಹಿಡಿದಳು. ಏನು ಹುಡುಕಬೇಕೆಂದು ಹೇಳಲಿಲ್ಲ. "ಮೊದಲ ಸಾಲು ಆದ ಮೇಲೆ ಏನು ಕೇಳುತ್ತೆ ಹೇಳಿ."

ಮಾಸ್ಟರು ಹುಬ್ಬು ಗಂಟಿಕ್ಕಿ ಕೇಳಿದರು. ಆ ಹೊತ್ತು ಎಷ್ಟು ಉದ್ದವಿತ್ತೆಂದರೆ ಕಾಜಕ್ಕನಿಗೆ ಅವರ ಕೈಗಡಿಯಾರದ ಸದ್ದೂ ಕೇಳಿಸಿತು.

"ಡೋಲು," ಅಂದರು. ಆಮೇಲೆ, "ಅದರ ಹಿಂದೆ ಏನೋ ಗೆಜ್ಜೆ ತರ ಇದೆಯಲ್ಲ. ಬಲು ಸಣ್ಣಗೆ. ಯಾಕೆ, ಏನಾಯ್ತು?"

ಕಾಜಕ್ಕ ಮೋಟು ಸ್ಟೂಲಿನ ಮೇಲೆ ಕೂತು, ಪೆನ್ಸಿಲ್ಲಿಗೆ ಕೈ ಹಾಕಿ, ಮತ್ತೆ ಬಿಟ್ಟಳು. ಫೋನು ಬಾಯಿಯ ಹತ್ತಿರ ಹಿಡಿದು ಒತ್ತಿದಳು. ತನ್ನ ಸಣ್ಣ ದನಿ ಅಲ್ಲಿಗೆ ಮುಟ್ಟುತ್ತದೋ ಇಲ್ಲವೋ ಗೊತ್ತಿರಲಿಲ್ಲ.

"ಇದೆ ಗುಬ್ಬಿ," ಅಂದಳು. "ಗೆಜ್ಜೆ. ನೀನು ಹೇಳಿದ ಜಾಗದಲ್ಲೇ ಇದೆ."